ಏಳನೆಯ ಕಾಯಿ

ಆರು ಎಂಬ ಸಂಖ್ಯೆಯನ್ನು ನಾನು ಅಗತ್ಯಕ್ಕಿಂತ ಹೆಚ್ಚಾಗಿ ನಂಬಿಬಿಟ್ಟೆ. ಇದನ್ನು ಒಪ್ಪಿಕೊಳ್ಳಲು ನನಗೆ ಅರವತ್ತನಾಲ್ಕು ವರ್ಷ ಹಿಡಿಯಿತು. ಅದರಲ್ಲಿ ಮೂವತ್ತಮೂರು ವರ್ಷ ನಾನು ಗಣಿತದ ಮೇಷ್ಟ್ರಾಗಿದ್ದೆ ಎಂದರೆ ನಿಮಗೆ ನಗು ಬರಬಹುದು. ನಗುವುದಾದರೆ ಈಗಲೇ ನಕ್ಕುಬಿಡಿ, ಮುಂದೆ ಅದಕ್ಕೆ ಹೆಚ್ಚು ಅವಕಾಶ ಸಿಗಲಾರದು. ಕೆಲವರು ಜಾತಕ ನಂಬುತ್ತಾರೆ. ಇನ್ನು ಕೆಲವರು ಬೋರ್‌ವೆಲ್‌ಗೆ ಜಾಗ ತೋರಿಸುವವನ ಅಂಗೈ ಮೇಲೆ ಎದ್ದು ನಿಲ್ಲುವ ತೆಂಗಿನಕಾಯಿಯನ್ನು ನಂಬುತ್ತಾರೆ. ಅವರನ್ನೆಲ್ಲ ಗೇಲಿ ಮಾಡಿಕೊಂಡೇ ನಾನು ಬದುಕಿದೆ. ನನ್ನ ಮೂಢನಂಬಿಕೆ ಮಾತ್ರ ನನ್ನ ಹೆಗಲ ಮೇಲೇ ಕೂತಿತ್ತು, ಕಾಣಲಿಲ್ಲ.

ಈ ಆರು ನನಗೆ ಬಂದದ್ದು ಅಪ್ಪನಿಂದ. ಅವರು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಿ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಟ್ಟರೆ ಒಳಗಿನ ನೀರೆಲ್ಲ ಇಂಗಿ, ತಿರುಳು ಕರಟದಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಗೊತ್ತಾಗದೆ ಇರುವುದು ಒಂದೇ. ಕರಟ ಒಡೆಯುವವರೆಗೂ ಒಳಗಿರುವುದು ಬೆಳ್ಳಗಿನ ಗಟ್ಟಿ ಕೊಬ್ಬರಿಯೋ, ಕೌಟು ಹಿಡಿದು ಕಪ್ಪಗೆ ಕೊಳೆತದ್ದೋ ಹೇಳಲಾಗುವುದಿಲ್ಲ. ಕಿವಿಯ ಹತ್ತಿರ ಅಲ್ಲಾಡಿಸಿ ಹೇಳಿಬಿಡುತ್ತೇನೆ ಎನ್ನುವ ಪಂಡಿತರಿದ್ದಾರೆ. ಅಪ್ಪ ಅವರನ್ನು ನಂಬುತ್ತಿರಲಿಲ್ಲ. ಒಡೆದೇ ನೋಡಬೇಕು ಎನ್ನುವವರು ಅವರು.

ಆದರೆ ರಾಶಿಯನ್ನೆಲ್ಲ ಒಡೆಯಲು ಆಗುತ್ತದೆಯೇ? ಹಾಗಾಗಿ ಆರು ಕಾಯಿ. ರಾಶಿಯ ನಾಲ್ಕು ಮೂಲೆಯಿಂದ ನಾಲ್ಕು, ನೆತ್ತಿಯಿಂದ ಒಂದು, ಕೈ ತೂರಿಸಿ ತಳದಿಂದ ಎಳೆದದ್ದು ಒಂದು. ಆರೂ ಗಟ್ಟಿಯಾಗಿದ್ದರೆ ಅಪ್ಪ ರಾಶಿಯ ಮೇಲೆ ಅಂಗೈ ಇಡುತ್ತಿದ್ದರು. ಕೈಯಿಟ್ಟರೆ ವ್ಯಾಪಾರ ಮುಗಿಯಿತು, ಇನ್ನು ಮನೆಯವರು ಕಾಫಿ ತರಬಹುದು. ಇದರಲ್ಲಿ ಬರೆಯದ ಕಾನೂನು ಒಂದಿತ್ತು. ಆರೂ ಸರಿ ಇದ್ದಮೇಲೆ ಏಳನೆಯ ಕಾಯಿ ಕೇಳಬಾರದು. ಕೇಳಿದರೆ ರಾಶಿಯ ಯಜಮಾನನ ಮುಖಕ್ಕೆ ನೀನು ಕಳ್ಳ ಎಂದ ಹಾಗೆ. ತುರುವೇಕೆರೆ ಕಡೆಯ ಒಂದು ಮನೆಯಲ್ಲಿ ಹೊಸ ವ್ಯಾಪಾರಿಯೊಬ್ಬ ಅರಿಯದೆ ಏಳನೆಯದನ್ನು ಕೇಳಿದ್ದನಂತೆ. ಯಜಮಾನ ಮಾತೇ ಆಡದೆ ಹೆಗಲ ಮೇಲಿನ ವಲ್ಲಿ ಬಟ್ಟೆ ತೆಗೆದು ರಾಶಿಯ ಮೇಲೆ ಹೊದಿಸಿ ಒಳಗೆ ಹೋದನಂತೆ, ವ್ಯಾಪಾರ ಅಲ್ಲಿಗೆ ಮುರಿಯಿತು. ಅಪ್ಪ ಈ ಕಥೆಯನ್ನು ಹೇಳುವಾಗ ಅವರ ಮರ್ಯಾದೆಯೆಲ್ಲ ವಲ್ಲಿ ಹೊದಿಸಿದವನ ಕಡೆಗೇ ಇರುತ್ತಿತ್ತು.

ನಾನು ವ್ಯಾಪಾರ ಬೇಡವೆಂದು ಗಣಿತ ಓದಿದೆ. ಗಣಿತದಲ್ಲಿ ನೂರು ಕಾಯಿ ಒಡೆದರೂ ನೂರ ಒಂದನೆಯದರ ಬಗ್ಗೆ ಏನೂ ಹೇಳುವ ಹಾಗಿಲ್ಲ, ಸಾಧನೆ ಬೇಕು, ಅಂದರೆ ಎಲ್ಲಕ್ಕೂ ಸಲ್ಲುವ ಪುರಾವೆ. ಇದನ್ನು ನಾನು ಎಷ್ಟು ಮಕ್ಕಳಿಗೆ ಎಷ್ಟು ಗಂಭೀರವಾಗಿ ಪಾಠ ಮಾಡಿದ್ದೇನೆ ಎಂದರೆ ಈಗ ನೆನೆದರೆ ಮೈ ಹಿಡಿಯಾಗುತ್ತದೆ. ಓದಿದ್ದು ತಲೆಯಲ್ಲಿತ್ತು, ಆರು ಕಾಯಿ ರಕ್ತದಲ್ಲಿತ್ತು.

ಕೆಲಸ ಸಿಕ್ಕ ಹೊಸತರಲ್ಲಿ ನಾನು ದಬ್ಬೇಘಟ್ಟದ ಕಡೆಯ ಒಂದು ಜೂನಿಯರ್ ಕಾಲೇಜಿನಲ್ಲಿದ್ದೆ. ಪರೀಕ್ಷೆಯ ಕೊಠಡಿ ಕಾಯುವ ಕೆಲಸದಷ್ಟು ಬೇಸರದ್ದು ಜಗತ್ತಿನಲ್ಲಿ ಇನ್ನೊಂದಿಲ್ಲ. ಓದುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ನಿದ್ದೆ ಮಾಡುವ ಹಾಗಂತೂ ಇಲ್ಲ. ಒಂದು ಮಧ್ಯಾಹ್ನ ಹೀಗೆ ಕಾಯುತ್ತಾ, ಉಳಿದ ಹಾಳೆಯೊಂದರ ಹಿಂದೆ ಕ್ರಮಗುಣಿತಗಳನ್ನು ಗೀಚುತ್ತಾ ಕೂತಿದ್ದೆ. ಕ್ರಮಗುಣಿತ ಎಂದರೆ ಹೆದರಬೇಡಿ. ಒಂದರಿಂದ ಶುರುಮಾಡಿ ಬೇಕಾದ ಸಂಖ್ಯೆಯವರೆಗೆ ಎಲ್ಲವನ್ನೂ ಗುಣಿಸುತ್ತಾ ಹೋಗುವುದು, ಅಷ್ಟೆ. ಮೂರರದು ಆರು, ನಾಲ್ಕರದು ಇಪ್ಪತ್ತನಾಲ್ಕು, ಐದರದು ನೂರಿಪ್ಪತ್ತು. ಅದನ್ನು ಬರೆಯಲು ಸಂಖ್ಯೆಯ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಹಾಕುತ್ತಾರೆ. ನನ್ನ ವಿದ್ಯಾರ್ಥಿಯೊಬ್ಬ ಅದನ್ನು ಗಟ್ಟಿಯಾಗಿ ಓದು ಎಂದಾಗ ‘ಐದು, ಅಬ್ಬಾ’ ಎಂದು ಓದಿದ್ದ. ತಪ್ಪೇನಲ್ಲ. ದಬ್ಬೇಘಟ್ಟದ ಬಸ್ಸಿಗೆ ಒಂಬತ್ತು ಜನ ಸಾಲಾಗಿ ನಿಲ್ಲುವುದಾದರೆ ಮೂರು ಲಕ್ಷದ ಅರವತ್ತೆರಡು ಸಾವಿರದ ಎಂಟುನೂರ ಎಂಬತ್ತು ರೀತಿಯಲ್ಲಿ ನಿಲ್ಲಬಹುದು. ಅದು ಒಂಬತ್ತರ ಕ್ರಮಗುಣಿತ. ಅವರು ಅದರಲ್ಲಿ ಒಂದು ರೀತಿಯಲ್ಲೂ ನಿಲ್ಲುವುದಿಲ್ಲ ಎನ್ನುವುದು ಬೇರೆ ಮಾತು.

ಆ ಮಧ್ಯಾಹ್ನ ನಾನು ಮಾಡಿದ್ದು ಇಷ್ಟು. ಮೂರರ ಕ್ರಮಗುಣಿತ ಆರರಿಂದ ಒಂದನ್ನು ಕಳೆದೆ, ಐದು ಬಂತು. ಮುಂದಿನ ಕ್ರಮಗುಣಿತ ಇಪ್ಪತ್ತನಾಲ್ಕರಿಂದ ಈ ಐದನ್ನು ಕಳೆದೆ, ಹತ್ತೊಂಬತ್ತು. ನೂರಿಪ್ಪತ್ತರಿಂದ ಹತ್ತೊಂಬತ್ತನ್ನು ಕಳೆದೆ, ನೂರ ಒಂದು. ಹೀಗೇ ಪ್ರತಿ ಸಲವೂ ಹೊಸ ಕ್ರಮಗುಣಿತದಿಂದ ಹಿಂದಿನ ಉತ್ತರ ಕಳೆಯುವುದು. 5, 19, 101, 619, 4421, 35899. ಬರೆದು ನೋಡಿದರೆ, ಐದು ಅವಿಭಾಜ್ಯ, ಹತ್ತೊಂಬತ್ತು ಅವಿಭಾಜ್ಯ, ನೂರ ಒಂದೂ ಅವಿಭಾಜ್ಯ. ಅಂದರೆ ಒಂದು ಮತ್ತು ತಾನು ಬಿಟ್ಟು ಬೇರೆ ಯಾರಿಂದಲೂ ಭಾಗವಾಗದವು. ಅವಿಭಾಜ್ಯ ಸಂಖ್ಯೆಗಳು ಯಾರ ಮಾತೂ ಕೇಳದೆ ಎಲ್ಲೆಂದರಲ್ಲಿ ಹುಟ್ಟುವ ಜಾತಿ. ಅವನ್ನೇ ಒಂದಾದ ಮೇಲೊಂದು ಕೊಡುವ ಸೂತ್ರ ನನ್ನ ಕೈಗೆ, ಅದೂ ಕೊಠಡಿ ಕಾಯುವಾಗ, ಸಿಕ್ಕಿತ್ತು. ಆ ಎದೆಬಡಿತ ನಿಮಗೆ ಹೇಗೆ ಹೇಳಲಿ? ಹಿಂದಿನ ಬೆಂಚಿನವನು ಚೀಟಿ ಇಟ್ಟುಕೊಂಡು ಬರೆಯುತ್ತಿದ್ದುದು ಕಂಡರೂ ನಾನು ಏಳಲಿಲ್ಲ.

ಆಮೇಲಿನ ವಾರವೆಲ್ಲ ಒಡೆಯುವ ಕೆಲಸ. ಆರನೆಯದನ್ನು, ಮೂವತ್ತೈದು ಸಾವಿರದ ಎಂಟುನೂರ ತೊಂಬತ್ತೊಂಬತ್ತನ್ನು, ಪರೀಕ್ಷಿಸಲು ಎರಡು, ಮೂರು, ಐದು ಎಂದು ಅವಿಭಾಜ್ಯಗಳಿಂದಲೇ ಒಂದೊಂದಾಗಿ ಭಾಗಿಸುತ್ತಾ ನಲವತ್ತೆರಡು ಭಾಗಾಕಾರ ಮಾಡಿದೆ. ಗಟ್ಟಿಯಾಗಿತ್ತು. ಆರಕ್ಕೆ ಆರೂ ಗಟ್ಟಿ. ಏಳನೆಯದು 326981. ಅದನ್ನು ಪರೀಕ್ಷಿಸಲು ನೂರೈದು ಭಾಗಾಕಾರ ಬೇಕು. ನಾನು ಅದನ್ನು ಸ್ವಲ್ಪ ಹೊತ್ತು ನೋಡಿದೆ. ಕೊನೆಯಲ್ಲಿ ಒಂದು, ನೋಡಲು ಲಕ್ಷಣವಾದ ಸಂಖ್ಯೆ. ಅಂಗೈಯನ್ನು ರಾಶಿಯ ಮೇಲೆ ಇಟ್ಟುಬಿಟ್ಟೆ.

ಅಲ್ಲಿಂದ ಮುಂದೆ ಪ್ರತಿ ವರ್ಷ ಪಾಠವೆಲ್ಲ ಮುಗಿದು ಒಂದು ಪೀರಿಯಡ್ ಉಳಿದಾಗ ನಾನು ಆ ಸರಣಿಯನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಇದು ಎಲ್ಲಿಯವರೆಗೆ ಹೋದರೂ ಅವಿಭಾಜ್ಯವೇ ಬರುತ್ತದೆ, ಪುಸ್ತಕದಲ್ಲಿ ಇಲ್ಲ, ನಮ್ಮ ಊರಿನ ಸರಣಿ ಎನ್ನುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಸಾಧನೆ ಎಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಬೇಕೆಂದು ಅವರಿಗೆ ಕಲಿಸಿದವನೂ ನಾನೇ, ಕೇಳದಿದ್ದಾಗ ಸಂತೋಷಪಟ್ಟವನೂ ನಾನೇ.

ಕೇಳಿದವಳು ಒಬ್ಬಳಿದ್ದಳು. ಗಂಗಾಂಬಿಕೆ ಅಂತ. ದಬ್ಬೇಘಟ್ಟದಿಂದ ಇನ್ನೂ ಒಳಗಿನ ಹಳ್ಳಿಯವಳು, ಮೊದಲ ಬಸ್ಸಿಗೆ ಬಂದು ಕಾಲೇಜಿನ ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಮಾತು ಕಡಿಮೆ. ಲೆಕ್ಕ ಕೊಟ್ಟರೆ ಉತ್ತರದ ಕೆಳಗೆ ಗೆರೆ ಎಳೆದು, ಇನ್ನೇನೂ ಹೇಳುವುದಿಲ್ಲ ಎಂಬಂತೆ ಪೆನ್ನಿಗೆ ಕ್ಯಾಪು ಹಾಕುತ್ತಿದ್ದಳು. ನಾನು ಸರಣಿ ಬರೆದದ್ದು ಒಂದು ಶನಿವಾರ. ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ಎದ್ದು ನಿಂತು, ಏಳನೆಯದು ಎಪ್ಪತ್ತೊಂಬತ್ತರಿಂದ ಭಾಗವಾಗುತ್ತದೆ ಸಾರ್ ಎಂದಳು.

ನನಗೆ ಆಗ ಅನ್ನಿಸಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಕುತೂಹಲವಾಗಲಿಲ್ಲ. ಗಣಿತದ ಮೇಷ್ಟ್ರಿಗೆ ಆಗಬೇಕಾದದ್ದು ಅದೊಂದೇ, ಅದು ಆಗಲಿಲ್ಲ. ಅವಮಾನವಾಯಿತು. ಆರು ಕಾಯಿ ಒಡೆದು ತೋರಿಸಿದ ಮೇಲೂ ಏಳನೆಯದನ್ನು ಕೇಳಿದಳಲ್ಲ ಎಂದು ಮುಖ ಕೆಂಪಾಯಿತು. ಕಾಲೇಜಿನಲ್ಲಿ ನನ್ನ ಹೆಗಲ ಮೇಲೆ ವಲ್ಲಿ ಇರಲಿಲ್ಲ, ಕೈಯಲ್ಲಿ ಸೀಮೆಸುಣ್ಣ ಇತ್ತು. ಬಾ ನೋಡೋಣ ಎಂದು ಬೋರ್ಡಿನ ಕಡೆ ತಿರುಗಿ, ನಾನೇ ಭಾಗಾಕಾರ ಮಾಡಿದೆ. ಅವಳ ಕೈಗೆ ಸೀಮೆಸುಣ್ಣ ಕೊಡಲಿಲ್ಲ.

ಸಿಟ್ಟಿನಲ್ಲಿ ಮಾಡಿದ ಭಾಗಾಕಾರ. 326ರಲ್ಲಿ ನಾಲ್ಕು ಸಲ, 109ರಲ್ಲಿ ಒಂದು ಸಲ, 308ರಲ್ಲಿ ಮೂರು ಸಲ. 308ರಿಂದ 237 ಕಳೆಯಬೇಕು. ಎಂಟರಲ್ಲಿ ಏಳು ಹೋದರೆ ಒಂದು. ಮುಂದಿನ ಸೊನ್ನೆಗೆ ಪಕ್ಕದ ಮನೆಯಿಂದ ಹತ್ತು ಕಡ ತಂದು ಮೂರು ಕಳೆದರೆ ಏಳು, ಎಪ್ಪತ್ತೊಂದು ಉಳಿಯಬೇಕು. ನಾನು ಇಲ್ಲದ ಕಡವನ್ನು ಇನ್ನೊಂದು ಸಲ ತೀರಿಸಿ, ಸೊನ್ನೆಯನ್ನು ಒಂಬತ್ತು ಮಾಡಿ, ಆರು ಬರೆದೆ. ಅರವತ್ತೊಂದು. ಮೂರನೇ ತರಗತಿಯವರು ಮಾಡುವ ತಪ್ಪು. ಕೊನೆಗೆ ಶೇಷ ಐವತ್ತೆಂಟು ಬಂತು. ಅದರ ಸುತ್ತ ದೊಡ್ಡದಾಗಿ ಒಂದು ಸುತ್ತು ಹಾಕಿ, ತರಗತಿಯ ಕಡೆ ತಿರುಗಿ ಹೇಳಿದೆ:

“ಮೊದಲು ಭಾಗಾಕಾರ ಕಲ್ತುಕೊಂಡು ಬಾಮ್ಮ. ಆಮೇಲೆ ಸರಣಿ ನೋಡೋಣ.”

ತರಗತಿ ನಕ್ಕಿತು. ನಾನೂ ನಕ್ಕೆ. ಅವಳು ಬೋರ್ಡನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತಿದ್ದು ಕೂತಳು. ನಾನು ಡಸ್ಟರ್ ತೆಗೆದುಕೊಂಡು ಅಳಿಸಿದೆ. ಅಳಿಸದೆ ಇನ್ನೊಂದು ಅರ್ಧ ನಿಮಿಷ ಬಿಟ್ಟಿದ್ದರೆ ಅವಳ ಕಣ್ಣಿಗೆ ಆ ಆರು ಬೀಳುತ್ತಿತ್ತು ಎಂಬುದರಲ್ಲಿ ನನಗೆ ಈಗ ಯಾವ ಸಂಶಯವೂ ಇಲ್ಲ.

ಎರಡನೇ ಪಿಯುಸಿಯಲ್ಲಿ ಅವಳಿಗೆ ಒಳ್ಳೆಯ ಅಂಕ ಬಂತು. ತುಮಕೂರಿಗೆ ಹೋಗಿ ಬಿ.ಎಸ್ಸಿ. ಸೇರು ಎಂದು ನಾನೇ ಹೇಳಿದೆ. ಇಲ್ಲ ಸಾರ್ ಎಂದಳು. ಮದುವೆ ಗೊತ್ತಾಗಿರಬೇಕು, ನಮ್ಮ ಹೆಣ್ಣುಮಕ್ಕಳ ಹಣೆಬರಹವೇ ಇಷ್ಟು ಎಂದು ನಾನು ಸ್ಟಾಫ್‌ರೂಮಿನಲ್ಲಿ ಸಮಾಜವನ್ನು ಚೆನ್ನಾಗಿ ಬೈದೆ. ಬೈದು, ಮರೆತೆ. ಅವಳ ನಂತರ ಇನ್ನೂ ಇಪ್ಪತ್ತಮೂರು ವರ್ಷ, ಬೇರೆ ಬೇರೆ ಕಾಲೇಜುಗಳಲ್ಲಿ, ಅದೇ ಸರಣಿಯನ್ನು ಬರೆದು ಚಪ್ಪಾಳೆ ತಟ್ಟಿಸಿಕೊಂಡೆ. ನಡುವೆ ಕಾಲೇಜಿಗೆ ಕಂಪ್ಯೂಟರ್ ಬಂತು. ಕೇಳಿದ್ದರೆ ಕಣ್ಣು ಮಿಟುಕಿಸುವುದರಲ್ಲಿ ಹೇಳುತ್ತಿತ್ತು. ನಾನು ಕೇಳಲಿಲ್ಲ. ಕೈಯಿಟ್ಟ ರಾಶಿ ಅದು.

ನಿವೃತ್ತನಾದವನ ಕೈಗೆ ಮೊಬೈಲು ಬಂದರೆ ಏನೇನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ. ಹೋದ ವರ್ಷ ಕ್ಷೌರದಂಗಡಿಯಲ್ಲಿ ನನ್ನ ಸರದಿ ಕಾಯುತ್ತಾ, ಸುಮ್ಮನೆ 5, 19, 101, 619 ಎಂದು ಒತ್ತಿ ಹುಡುಕಿದೆ. ಸಂಖ್ಯೆಗಳ ಸರಣಿಗಳನ್ನೆಲ್ಲ ಪಟ್ಟಿ ಮಾಡಿಟ್ಟ ಒಂದು ತಾಣ ತೆರೆದುಕೊಂಡಿತು. ನಮ್ಮ ಊರಿನ ಸರಣಿ ಅಲ್ಲಿ ಆರಾಮಾಗಿ ಕೂತಿತ್ತು. ಅದಕ್ಕೊಂದು ಹೆಸರಿತ್ತು, ಹಿಂದು ಮುಂದು ಇತ್ತು, ಅದರ ಮೇಲೆ ಲೇಖನ ಬರೆದವರಿದ್ದರು. ಅದು ನನ್ನದಲ್ಲ ಎಂಬ ಮೊದಲ ಏಟನ್ನು ನಾನು ತಡೆದುಕೊಂಡೆ. ಪ್ರಪಂಚ ದೊಡ್ಡದು, ಕೊಠಡಿ ಕಾಯುವ ಮೇಷ್ಟ್ರುಗಳು ಎಲ್ಲ ದೇಶದಲ್ಲೂ ಇರುತ್ತಾರೆ. ಅದರ ಕೆಳಗಿನ ಸಾಲಿನಲ್ಲಿ ಎರಡನೆಯ ಏಟಿತ್ತು. ಒಂಬತ್ತರ ಕ್ರಮಗುಣಿತದಿಂದ ಬರುವುದು ಅವಿಭಾಜ್ಯವಲ್ಲ, 79 ಗುಣಿಸು 4139.

ಕ್ಷೌರ ಮಾಡಿಸಿಕೊಳ್ಳದೆ ಮನೆಗೆ ಬಂದೆ. ಹಾಳೆ ತೆಗೆದು ಭಾಗಾಕಾರ ಮಾಡಿದೆ. ಎಪ್ಪತ್ತೊಂದು, ಏಳುನೂರ ಹನ್ನೊಂದು, ಒಂಬತ್ತು ಸಲ, ಶೇಷ ಸೊನ್ನೆ. ನೂರೈದು ಭಾಗಾಕಾರ ಎಂದು ಹೆದರಿದ್ದೆನಲ್ಲ, ಇಪ್ಪತ್ತೆರಡನೆಯದಕ್ಕೇ ಸಿಗುತ್ತಿತ್ತು. ಅರ್ಧ ಗಂಟೆಯ ಕೆಲಸ. ಹಾಳೆಯ ಮೇಲೆ ಆ ಸೊನ್ನೆ ಕಂಡಾಗ ನೆನಪಾದದ್ದು ಸರಣಿಯಲ್ಲ, ಬೋರ್ಡಿನ ಮೇಲಿನ ಐವತ್ತೆಂಟು. ಅದರ ಸುತ್ತ ನಾನು ಹಾಕಿದ್ದ ಸುತ್ತು. ಎದ್ದು ನಿಂತೇ ಇದ್ದ ಹುಡುಗಿ.

ಆ ತಾಣವನ್ನು ಮತ್ತೆ ಮತ್ತೆ ಓದಿದೆ. ಹಲ್ಲು ನೋಯುವಾಗ ನಾಲಿಗೆ ಅಲ್ಲಿಗೇ ಹೋಗುವುದಿಲ್ಲವೇ, ಹಾಗೆ. ಎಂಟನೆಯದು ಮತ್ತೆ ಗಟ್ಟಿಯಂತೆ. ಆಮೇಲೆ ಅಲ್ಲೊಂದು ಇಲ್ಲೊಂದು. ಸುಮಾರು ಮೂವತ್ತಾರು ಲಕ್ಷದ ಕ್ರಮಗುಣಿತ ದಾಟಿದ ಮೇಲೆ ಒಂದೇ ಒಂದು ಅವಿಭಾಜ್ಯವೂ ಇಲ್ಲವಂತೆ. ಒಂದೇ ಸಂಖ್ಯೆ ಅಲ್ಲಿಂದ ಮುಂದಿನ ಎಲ್ಲವನ್ನೂ ಭಾಗಿಸುತ್ತದೆ ಎಂದು ಯಾರೋ ಪುಣ್ಯಾತ್ಮರು ಸಾಧಿಸಿದ್ದಾರೆ. ಅಂದರೆ ನಾನು ಕೈಯಿಟ್ಟ ರಾಶಿ ಕೊನೆಯಿಲ್ಲದ ರಾಶಿ, ಅದರಲ್ಲಿ ಬೆರಳೆಣಿಕೆಯಷ್ಟು ಗಟ್ಟಿ, ಉಳಿದದ್ದೆಲ್ಲ ಕೌಟು. ಅಪ್ಪ ಬದುಕಿದ್ದು ಇದನ್ನು ಕೇಳಿದ್ದರೆ ಎದ್ದು ಹೊರಗೆ ಹೋಗಿ ಕೂರುತ್ತಿದ್ದರು.

ಕ್ರಮಗುಣಿತದ ಇನ್ನೊಂದು ಗುಣ ಆ ದಿನಗಳಲ್ಲಿ ನನ್ನನ್ನು ಬಹಳ ಕಾಡಿತು. ಎಷ್ಟು ಉದ್ದದ ಬರಡು ಬೇಕೋ ಅಷ್ಟು ಉದ್ದದ ಬರಡನ್ನು ಅದು ಮಾಡಿಕೊಡುತ್ತದೆ. ಮೂವತ್ತನಾಲ್ಕರ ಕ್ರಮಗುಣಿತ ತೆಗೆದುಕೊಳ್ಳಿ. ಅದು ಎರಡರಿಂದ ಮೂವತ್ತನಾಲ್ಕರವರೆಗಿನ ಎಲ್ಲದರಿಂದಲೂ ಭಾಗವಾಗುತ್ತದೆ. ಹಾಗಾಗಿ ಅದಕ್ಕೆ ಎರಡು ಸೇರಿಸಿದರೆ ಬಂದದ್ದು ಎರಡರಿಂದ ಭಾಗವಾಗುತ್ತದೆ, ಮೂರು ಸೇರಿಸಿದರೆ ಮೂರರಿಂದ, ಹೀಗೆ ಮೂವತ್ತನಾಲ್ಕರವರೆಗೆ. ಸಾಲಾಗಿ ಮೂವತ್ತಮೂರು ಸಂಖ್ಯೆ, ಒಂದೂ ಅವಿಭಾಜ್ಯವಲ್ಲ. ನನ್ನ ಸರ್ವೀಸೂ ಮೂವತ್ತಮೂರು ವರ್ಷ. ಆದರೆ ನನ್ನ ಬರಡಿನಲ್ಲಿ ಒಂದು ಅವಿಭಾಜ್ಯ ಬಂದಿತ್ತು. ತಾನಾಗಿ ಬಂದು, ಎದ್ದು ನಿಂತು, ಸಾರ್ ಎಂದಿತ್ತು. ನಾನೇ ಅದನ್ನು ಕೂರಿಸಿದೆ. ಇದನ್ನು ಯೋಚಿಸಿಕೊಂಡು ಎಷ್ಟೋ ದಿನ ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದೇನೆ.

ನನ್ನ ಹೆಂಡತಿ ಸರ್ವಮಂಗಳೆಗೆ ಗಣಿತವೆಂದರೆ ಅಷ್ಟಕ್ಕಷ್ಟೆ. ಆದರೆ ತಟ್ಟೆಯಲ್ಲಿ ಅನ್ನ ಉಳಿದರೆ ಕಾರಣ ತಿಳಿಯುವವರೆಗೆ ಬಿಡುವವಳಲ್ಲ. ಒಂದು ದಿನ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ, ಆ ಹುಡುಗಿ ಈಗೆಲ್ಲಿದ್ದಾಳೆ. ಹಳೆಯ ವಿದ್ಯಾರ್ಥಿಗಳಲ್ಲಿ ವಿಚಾರಿಸಿದಾಗ ಹುಳಿಯಾರಿಗೆ ಮದುವೆಯಾಗಿ ಹೋಗಿದ್ದಾಳೆ, ಬೋರನಕಣಿವೆಯ ಕಡೆ ತೋಟವಿದೆ, ಕೊಬ್ಬರಿ ಶೆಡ್ಡು ಅವಳೇ ನೋಡಿಕೊಳ್ಳುತ್ತಾಳೆ ಎಂದು ತಿಳಿಯಿತು. ಫೋನ್ ನಂಬರೂ ಸಿಕ್ಕಿತು. ನಾನು ಎರಡು ದಿನ ಆ ನಂಬರನ್ನು ನೋಡುತ್ತಾ ಕಳೆದೆ. ಅದು ಮೂರರಿಂದ ಭಾಗವಾಗುತ್ತಿತ್ತು.

“ಬೋರ್ಡ್ ಮೇಲೆ ಮಾಡಿದ್ದನ್ನ ಫೋನಲ್ಲಿ ಅಳಿಸಕ್ಕಾಗುತ್ತೇನ್ರೀ?” ಎಂದಳು ಸರ್ವಮಂಗಳೆ. “ಎದ್ದು ಹೋಗ್ಬನ್ನಿ.”

ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ಬದಲಿಸಿ ಹುಳಿಯಾರಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಇಷ್ಟು ದೂರ ಬಂದು ನಿಜ ಹೇಳಿಬಿಡುತ್ತೇನೆ, ನಾನು ಬೇಡಿಕೊಂಡದ್ದು ಬೇರೆಯೇ. ಅವಳು ಇದನ್ನೆಲ್ಲ ಮರೆತಿರಲಿ. ಯಾವ ಸರಣಿ ಸಾರ್, ಯಾವ ಎಪ್ಪತ್ತೊಂಬತ್ತು ಎನ್ನಲಿ. ನಾನು ಕ್ಷಮೆ ಕೇಳಿದ ಹಾಗೂ ಆಗಬೇಕು, ಅವಳಿಗೆ ಏನೂ ಆಗಿರಲೂ ಬಾರದು. ಇಪ್ಪತ್ತೇಳು ವರ್ಷ ಕಳೆದಿದೆ, ಅಷ್ಟು ನ್ಯಾಯ ಕಾಲ ಮಾಡಿರಬಹುದು ಎಂದುಕೊಂಡೆ.

ಬಸ್‌ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯವನನ್ನು ಗಂಗಾಂಬಿಕೆ ಎಂದು ಕೇಳಿದರೆ ಗೊತ್ತಾಗಲಿಲ್ಲ. ಕೊಬ್ಬರಿ ಶೆಡ್ಡು ಎಂದಮೇಲೆ ಮುಖ ಅರಳಿತು.

“ಎರಡೆಣಿಕೆ ಗಂಗಕ್ಕ ಅನ್ನಿ ಸಾ. ಹಿಂಗೇ ಹೋಗಿ, ಎಡಕ್ಕೆ ತಗಡಿನ ಶೆಡ್ಡು ಐತೆ.”

ಅದೇನು ಹಾಗೆ ಹೆಸರು ಎಂದೆ. ಗಂಗಕ್ಕ ಯಾವ ರಾಶಿಯನ್ನೂ ಒಂದು ಸಲ ಎಣಿಸಿ ಬಿಡುವುದಿಲ್ಲವಂತೆ. ಸಾವಿರ ಕಾಯಿ ಇರಲಿ, ಐದು ಸಾವಿರ ಇರಲಿ, ಎಣಿಸಿ ಮುಗಿಸಿ ಮತ್ತೆ ಮೊದಲಿಂದ ಎಣಿಸುತ್ತಾಳಂತೆ. ಲಾರಿಯವರು ಬೈದುಕೊಂಡು ಕಾಯುತ್ತಾರಂತೆ, ಆದರೆ ಅವಳ ಎಣಿಕೆಯಲ್ಲಿ ಇವತ್ತಿನವರೆಗೆ ಒಂದು ಕಾಯಿ ಹೆಚ್ಚುಕಡಿಮೆ ಆದದ್ದಿಲ್ಲವಂತೆ. ನಾನು ನಕ್ಕೆ. ನನ್ನ ವಿದ್ಯಾರ್ಥಿನಿ ಎಂದು ಜಂಬವಾಗಿ ಹೇಳಿಕೊಂಡೆ ಕೂಡ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಶೆಡ್ಡಿನಲ್ಲಿ ಅವಳು ನನ್ನನ್ನು ಕಂಡ ಕೂಡಲೇ ಗುರುತು ಹಿಡಿದಳು. ಕೈ ಒರೆಸಿಕೊಂಡು ಬಂದು, ಯಾವಾಗ ಬಂದ್ರಿ ಸಾರ್ ಎಂದು ಕುರ್ಚಿ ಹಾಕಿದಳು. ಕೊಬ್ಬರಿ ಬೆಲ್ಲ ಬಂತು, ಟೀ ಬಂತು. ನಲವತ್ತು ದಾಟಿದ ಹೆಂಗಸು, ಕಿವಿಯ ಹತ್ತಿರ ನರೆ. ತೋಟ, ಗಂಡನ ಮಂಡಿನೋವು, ಕಪ್ಪುತಲೆ ಹುಳದ ಕಾಟ ಎಲ್ಲ ಮಾತಾಯಿತು. ನಾನು ಬಾಯಿಪಾಠ ಮಾಡಿದ್ದೆಲ್ಲ ಮರೆತಿತ್ತು. ಕೊನೆಗೆ ಟೀ ಲೋಟ ಕೆಳಗಿಟ್ಟು ಹೇಳಿದೆ:

“ಗಂಗಾಂಬಿಕೆ, ಅದು ಎಪ್ಪತ್ತೊಂಬತ್ತರಿಂದ ಹೋಗುತ್ತೆ ಕಣಮ್ಮ. ನೀನು ಹೇಳಿದ್ದೇ ಸರಿ. ಬೋರ್ಡ್ ಮೇಲೆ ನಾನು ತಪ್ಪು ಮಾಡ್ದೆ.”

ಯಾವುದು ಎಂದು ಅವಳು ಕೇಳಲಿಲ್ಲ. ನಾನಿಟ್ಟ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ, ಮೂರು ಲಕ್ಷದ ಇಪ್ಪತ್ತಾರು ಸಾವಿರದ ಒಂಬೈನೂರ ಎಂಬತ್ತೊಂದು ಎಂದಳು, ಮನೆ ನಂಬರು ಹೇಳುವವಳ ಹಾಗೆ. ನನ್ನ ಹಾರೈಕೆ ಅಲ್ಲಿಗೆ ಮುಗಿಯಿತು.

“ಮನೇಲಿ ಮೂರು ಸಲ ಮಾಡಿದ್ದೆ ಸಾರ್. ಮೂರು ಸಲಾನೂ ಸೊನ್ನೆ ಬಂದಿತ್ತು. ನೀವು ಒಂದೇ ಸಲ ಮಾಡಿದ್ರಿ, ಐವತ್ತೆಂಟು ಬಂತು. ನನ್ ಕಣ್ಣೇ ಸರಿ ಇಲ್ಲ ಅನ್ಕಂಡೆ. ಆವತ್ತಿಂದ ಯಾವುದುನ್ನೂ ಒಂದು ಸಲ ಎಣಿಸಿ ಬಿಡಕ್ಕಾಗಲ್ಲ ಸಾರ್.”

ಬಿ.ಎಸ್ಸಿ. ವಿಷಯ ಕೇಳುವ ಧೈರ್ಯ ನನಗಿರಲಿಲ್ಲ. ಅವಳೇ ಹೇಳಿದಳು. ಮದುವೆ ಆಗ ಗೊತ್ತಾಗಿರಲಿಲ್ಲ. ಅವರಪ್ಪ ತುಮಕೂರಿನ ಹಾಸ್ಟೆಲಿನಲ್ಲಿ ವಿಚಾರಿಸಿಕೊಂಡೂ ಬಂದಿದ್ದರು. ಬರೀ ಭಾಗಾಕಾರದಲ್ಲೇ ತಪ್ಪುವವಳು ಅಲ್ಲಿ ಹೋಗಿ ಏನು ಓದುವುದು ಎಂದು ಬೇಡವೆಂದವಳು ಅವಳೇ. ಇದನ್ನು ಅವಳು ದೂರುವ ಹಾಗೆ ಹೇಳಲಿಲ್ಲ. ದೂರಿದ್ದರೆ ಚೆನ್ನಾಗಿತ್ತು. ನಾನು ಕೈಮುಗಿದೆ. ಅಯ್ಯೋ ಬುಡಿ ಸಾರ್ ಎಂದು ನನ್ನ ಕೈ ಇಳಿಸಿದಳು.

ಮೂಟೆಗಳ ಮೇಲೆ ಗುರುತು ಹಾಕುವ ಸೀಮೆಸುಣ್ಣ ಕಿಟಕಿಯ ಮೇಲಿತ್ತು. ಅವಳು ಅದನ್ನು ತೆಗೆದುಕೊಂಡು ಶೆಡ್ಡಿನ ಸಿಮೆಂಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು 326981 ಎಂದು ಬರೆದಳು. ಕಾಯಿ ಸುಲಿಯುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. ನಾಲ್ಕು, ಒಂದು, ಮೂರು. 308ರಿಂದ 237 ಕಳೆಯುವ ಜಾಗ ಬಂದಾಗ ಕೈ ನಿಂತಿತು. ಎಪ್ಪತ್ತೊಂದು ಎಂದು ಬರೆದಳು. ಆಮೇಲೆ ಒಂಬತ್ತು. ಆಮೇಲೆ ಸೊನ್ನೆ. ಸೊನ್ನೆಯ ಕೆಳಗೆ ಗೆರೆ ಎಳೆದು ನೋಡುತ್ತಾ ಕೂತಳು. ಇಷ್ಟೇ ತಾನೇ ಸಾರ್ ಎಂದಳು. ಮುಖದಲ್ಲಿ ಒಂದು ನಗು ಬಂತು, ಹದಿನೇಳರ ಹುಡುಗಿಯ ನಗು. ಅದನ್ನು ನೋಡಿ ನನಗೆ ಅಷ್ಟು ದಿನದಲ್ಲಿ ಮೊದಲ ಸಲ ಎದೆ ಸ್ವಲ್ಪ ಹಗುರಾಯಿತು. ಸರಿಹೋಯಿತು ಎಂದುಕೊಂಡೆ. ನೋಡಿ, ನನ್ನ ಜಾತಿಯೇ ಇಷ್ಟು, ಒಂದು ಕಾಯಿ ಗಟ್ಟಿ ಕಂಡರೆ ಸಾಕು.

ಅಷ್ಟರಲ್ಲಿ ಹೊರಗೆ ಲಾರಿ ಬಂತು. ಒಂದು ಚಿಕ್ಕ ರಾಶಿ ಎಣಿಸಿ ಕೊಡುವುದಿದೆ, ಕೂತಿರಿ ಸಾರ್, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಎದ್ದಳು. ಕೈಗೆ ಎರಡೆರಡರಂತೆ ಕಾಯಿ ತೆಗೆದು ಆ ಕಡೆಗೆ ಹಾಕುತ್ತಾ ಎಣಿಸಿದಳು. ನೂರಾದಾಗಲೆಲ್ಲ ಗುರುತಿಗೆ ಒಂದು ಕಾಯಿ ಪಕ್ಕಕ್ಕಿಟ್ಟಳು. ಮುಗಿದಾಗ ಏಳು ಕಾಯಿ ಪಕ್ಕದಲ್ಲಿದ್ದವು, ಮೇಲೆ ನಲವತ್ತೆರಡು. ಲಾರಿಯವನು ಚೀಲ ಬಿಡಿಸಿಕೊಂಡು ಬಂದ. ಅವಳು ಅವನಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, ಗುರುತಿನ ಕಾಯಿಗಳನ್ನೆಲ್ಲ ರಾಶಿಗೆ ಹಾಕಿ, ಮತ್ತೆ ಮೊದಲಿಂದ ಶುರುಮಾಡಿದಳು.

ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಸರಿ ಇದೆ ಕಣಮ್ಮ, ಇನ್ನೊಂದು ಸಲ ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನನ್ನ ಬಾಯಿಂದ ಅವಳು ಆ ಮಾತು ಕೇಳಬೇಕಾಗಿದ್ದ ಹೊತ್ತು ಬೇರೆ ಇತ್ತು. ಸುಮ್ಮನೆ ಕೂತೆ. ಬಸ್ಸು ಹೋಯಿತು. ನಾನು ಕೂತು ಅವಳ ಜೊತೆ ಮನಸ್ಸಿನಲ್ಲೇ ಒಂದೊಂದೂ ಎಣಿಸಿದೆ. ಏಳುನೂರ ನಲವತ್ತೆರಡು. ಎರಡನೆಯ ಸಲವೂ ಅಷ್ಟೇ ಬಂತು. ಬರದೆ ಇನ್ನೇನು, ಅವಳ ಲೆಕ್ಕ ಯಾವತ್ತೂ ತಪ್ಪಿರಲೇ ಇಲ್ಲ.